ಹೊಗೆ ಹಿಡಿದ ಕೋಟು

"ಗುರುಗಳೇ, ನಾನು ಬಂದ ಹೊಸದರಲ್ಲಿ ನಿಮ್ಮ ಒಂದು ಮಾತು ಕೇಳಿದರೆ ವಾರವಿಡೀ ಅದೇ ಕನಸು. ಈಗ ವಾರವಿಡೀ ಕೇಳಿದರೂ ಏನೂ ಆಗುವುದಿಲ್ಲ. ನಿಮ್ಮ ಮಾತಿನ ಸತ್ವವೇ ಹೋಯಿತೇ?"

ಕೇಳಿದವನು ಮರುಳಯ್ಯ, ಆರೇಳು ವರ್ಷದಿಂದ ಗುರುಗಳ ಜೊತೆ ಇದ್ದ ಶಿಷ್ಯ. ಮರುದಿನ ಬೆಳಗಿನ ದೋಣಿಗೆ ಹೊಳೆ ದಾಟಿ ಬೇರೊಬ್ಬ ಗುರುವಿನ ಹತ್ತಿರ ಹೋಗುವುದೆಂದು ಅವನು ನಿಶ್ಚಯಿಸಿದ್ದ. ಹೊಸ ಜಾಗಕ್ಕೆ ಮಾಸಲು ಬಟ್ಟೆಯಲ್ಲಿ ಹೋಗಬಾರದೆಂದು ಅಂಗಿ ಒಗೆಯಲು ಹೊರಟಿದ್ದ. ಕೈಯಲ್ಲಿ ಸೋಪು ಇತ್ತು.

ಗುರುಗಳು ಪ್ರಾಯದಲ್ಲಿ ಹಡಗಿನ ಅಡುಗೆಯವರಾಗಿ ದೇಶ ದೇಶ ಅಲೆದವರು. ಅವರ ಕತೆಯಲ್ಲಿ ಹೆಂಡ ಬಂದರೂ ಅಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಕೂತುಕೋ ಎಂದು ಹೇಳಿ ಅವರು ಶುರು ಮಾಡಿದರು.

ಸ್ಕಾಟ್ಲೆಂಡಿನ ಪಡುವಣ ಕಡಲಲ್ಲಿ ಒಂದು ದ್ವೀಪ. ಅಲ್ಲಿ ಒಬ್ಬ ಒಡತಿ ವಿಸ್ಕಿ ಇಳಿಸುತ್ತಿದ್ದಳು. ಆ ಕಡೆ ಸೌದೆ ಕಡಿಮೆ. ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು, ಒಣಗಿಸಿ, ಉರಿಸುತ್ತಾರೆ. ಅದಕ್ಕೆ ಪೀಟ್ ಎನ್ನುತ್ತಾರೆ. ಮೊಳಕೆ ಬಂದ ಬಾರ್ಲಿ ಆ ಹೊಗೆಯಲ್ಲಿ ಒಣಗುತ್ತದೆ. ಅದರಿಂದ ಇಳಿಸಿದ್ದು, ಬೇರೆ ಕಾಳು ಸೇರದ್ದು, ಬೇರೆ ಭಟ್ಟಿಯದು ಬೆರೆಯದ್ದು, ಸಿಂಗಲ್ ಮಾಲ್ಟ್. ಅದನ್ನು ಮರದ ಪೀಪಾಯಿಯಲ್ಲಿ ಹತ್ತಾರು ವರ್ಷ ಮಲಗಿಸುತ್ತಾರೆ. ಎಷ್ಟು ಮಲಗಿದರೂ ಹೊಗೆ ಅದರ ಕನಸಿನಿಂದ ಹೋಗುವುದಿಲ್ಲ.

ಆ ದ್ವೀಪಕ್ಕೆ ಒಬ್ಬ ರುಚಿಗಾರ ಬಂದ. ವಿಸ್ಕಿಯ ರುಚಿ ನೋಡಿ ಬರೆಯುವುದೇ ಅವನ ಕಸುಬು. ಕಡಲಾಚೆಯ ವರ್ತಕರು ಅವನು ಬರೆದದ್ದನ್ನು ಓದಿಯೇ ಕೊಳ್ಳುತ್ತಿದ್ದರು. ಆ ಕಸುಬಿನವರದೊಂದು ಪದ್ಧತಿ ಇದೆ. ಒಂದು ಗ್ಲಾಸು ಮೂಸಿದ ಮೇಲೆ ತಮ್ಮ ತೋಳಿನ ಬಟ್ಟೆ ಮೂಸುತ್ತಾರೆ. ತನ್ನ ವಾಸನೆ ತನಗೆ ತಿಳಿಯುವುದಿಲ್ಲವಲ್ಲ, ಮೂಗು ತೊಳೆದಂತಾಗುತ್ತದೆ. ಆಮೇಲೆ ಇನ್ನೊಂದು ಗ್ಲಾಸು.

ಒಡತಿ ಒಂದು ಗುಟುಕು ಕೊಟ್ಟಳು. ರುಚಿಗಾರ ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ಬರೆದ: ಮಂಜಿನ ಆಚೆ ಯಾರೋ ಒಲೆ ಹಚ್ಚಿದ್ದಾರೆ. ನಾನು ಆ ಮನೆಯ ಕಡೆ ನಡೆಯುತ್ತಿದ್ದೇನೆ. ಮನೆ ಸಿಗುತ್ತಿಲ್ಲ. ಸಿಗದಿದ್ದರೂ ಚಳಿ ಆಗುತ್ತಿಲ್ಲ.

ಅವನು ಊರಿಗೆ ಹಿಂದಿರುಗಲಿಲ್ಲ. ಭಟ್ಟಿಯ ಮೇಲಿನ ಕೋಣೆಯಲ್ಲೇ ಉಳಿದುಬಿಟ್ಟ. ಪೀಟಿನ ಬೆಂಕಿ ಕಾಯಿಸಿಕೊಂಡ, ಪೀಟಿನ ಒಲೆಯ ರೊಟ್ಟಿ ತಿಂದ. ವರ್ಷಕ್ಕೊಮ್ಮೆ ಪೀಪಾಯಿ ತೆರೆದಾಗ ರುಚಿ ನೋಡಿ ಬರೆದ. ಬರಬರುತ್ತ ಬರಹ ಸಣ್ಣದಾಯಿತು. ಏಳನೆಯ ವರ್ಷ ಗ್ಲಾಸು ಮೂಸಿದ, ತೋಳು ಮೂಸಿದ, ಮತ್ತೆ ಗ್ಲಾಸು ಮೂಸಿದ. ಕೊನೆಗೆ ಒಂದೇ ಸಾಲು ಬರೆದ: ಇದರಲ್ಲಿ ಹೊಗೆ ಇಲ್ಲ.

ಆ ಕಾಗದ ಕಡಲು ದಾಟಿದರೆ ವರ್ತಕರು ಬರುವುದಿಲ್ಲ. ಅವರು ಬರದಿದ್ದರೆ ಅಜ್ಜನ ಕಾಲದಿಂದ ಆರದ ಬೆಂಕಿ ಆರುತ್ತದೆ. ಒಡತಿಗೆ ಅದು ಗೊತ್ತಿತ್ತು. ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ.

"ನಮ್ಮ ಕೋಳಿ ಮೊಟ್ಟೆಗೂ ಹೊಗೆ ವಾಸನೆ ಅಂತಾರೆ ಹೊರಗಿನವರು. ನಿಮಗೆ ವಿಸ್ಕಿಯಲ್ಲೇ ಸಿಗಲಿಲ್ಲವಲ್ಲ ಮಹಾರಾಯರೇ" ಎಂದಳು.

"ಇದ್ದರೆ ಬರೆಯುತ್ತಿದ್ದೆನಮ್ಮ. ಏಳು ವರ್ಷ ನಿಮ್ಮ ಉಪ್ಪು ಉಂಡಿದ್ದೇನೆ, ಹಾಗಂತ ಸುಳ್ಳು ಬರೆಯಲೇ?"

ಬೇಡ ಎಂದಳು ಒಡತಿ. ಅದೇ ಪೀಪಾಯಿಯದನ್ನು ಸಣ್ಣ ಸೀಸೆಯೊಂದಕ್ಕೆ ತುಂಬಿ ಕೊಟ್ಟಳು. ಕಾಗದವನ್ನು ನೀವೇ ಒಯ್ಯಿರಿ, ಆಚೆ ದಡದಲ್ಲಿ ಇನ್ನೊಂದು ಗುಟುಕು ನೋಡಿ ಆಮೇಲೆ ಅಂಚೆಗೆ ಹಾಕಿ, ಅಷ್ಟು ಸಾಕು ಎಂದಳು.

ರುಚಿಗಾರ ದೋಣಿ ಹತ್ತಿದ. ಆಚೆ ದಡದಲ್ಲಿ ಸೀಸೆಯ ನೆನಪೂ ಆಗಲಿಲ್ಲ, ನೇರವಾಗಿ ಅಂಚೆಮನೆಗೆ ಹೋಗಿ ಸಾಲಿನಲ್ಲಿ ನಿಂತ. ಮುಂದಿದ್ದ ಮುದುಕ ತಿರುಗಿ ನೋಡಿದ.

"ಯಾರ ಮನೆ ಒಲೆ ಹೊತ್ತುಕೊಂಡು ಬಂದಿರಿ ಸ್ವಾಮಿ? ಕೋಟಿನಲ್ಲಿ ಇನ್ನೂ ಉರೀತಾ ಇದೆ."

ಸಾಲಿನಲ್ಲಿದ್ದವರು ನಕ್ಕರು. ರುಚಿಗಾರ ತೋಳು ಮೂಸಿದ. ಏನೂ ಇರಲಿಲ್ಲ. ಅಷ್ಟು ವರ್ಷವೂ ಅದೇ ತೋಳಿನಿಂದ ಮೂಗು ತೊಳೆದುಕೊಂಡಿದ್ದು ಅವನಿಗೆ ಆಗ ಹೊಳೆಯಿತು. ಸಾಲು ಬಿಟ್ಟು ಹೊರಗೆ ಬಂದ. ಕೋಟು ಕಳಚಿಟ್ಟು ಮೂರು ದಿನ ಕಡಲಗಾಳಿಯಲ್ಲಿ ಅಲೆದ. ಮೂರನೆಯ ದಿನ ಸೀಸೆ ತೆರೆದು ಒಂದು ಗುಟುಕು ಕುಡಿದ.

ಮಂಜು ಬಂತು. ಒಲೆ ಬಂತು. ಈ ಸಲ ಮನೆಯೂ ಕಂಡಿತು. ಒಳಗೆ ಗೂಟದಲ್ಲಿ ಅವನದೇ ಕೋಟು ನೇತಾಡುತ್ತಿತ್ತು.

ಹಳೆಯ ಕಾಗದ ಹರಿದು ಹೊಸದು ಬರೆದ: ಹೊಗೆ ಇದೆ. ನಾನು ಅದರೊಳಗೆ ಇದ್ದೆ.

ಒಡತಿಯ ಬೆಂಕಿ ಆರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಸೋಪನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಹಾಗಾದರೆ ನಾನು ಹೋಗಬಾರದೇ ಎಂದು ಮೆಲ್ಲಗೆ ಕೇಳಿದ.

"ಹೋಗು ತಮ್ಮಾ, ಸೋಪು ಮಾತ್ರ ಇಲ್ಲೇ ಇಟ್ಟು ಹೋಗು."