ಸುಳಿ ದಾಟಿಸಿದ ಅಂಬಿಗ

ಡಂಗುರದ ಸದ್ದು ಹೊಳೆ ದಾಟಿ ಈ ದಡಕ್ಕೂ ಬಂತು.

"ಕೇಳ್ರಪ್ಪೋ ಕೇಳಿ! ಕಣಿವೆಕೋಟೆಯ ಉದ್ದಂಡರಾಯರ ಅಪ್ಪಣೆ! ರಾಜಮಾತೆ ಇಟ್ಟಿರೋ ಮೂರು ಒಗಟು ಒಡೆದವನಿಗೆ ಬೇಡಿದ್ದು ಸಿಗ್ತೈತೆ, ಅರ್ಧ ರಾಜ್ಯವಾದ್ರೂ ಸರಿ! ಒಂದು ತಪ್ಪಿದ್ರೂ ಸೆರೆಮನೆ! ಹುಣ್ಣಿಮೆ ದಿನ ಹೊತ್ತು ಮುಳುಗುತ್ಲೂ ತಲೆದಂಡ!"

ಒಗಟು ತಾಯಿಯದು, ತಲೆದಂಡ ಮಗನದು. ರಾಯನಿಗೆ ಏಳು ಸುತ್ತಿನ ಕೋಟೆಯಿತ್ತು, ನೂರು ಬಗೆಯ ಅಡುಗೆಯಿತ್ತು, ಕಣ್ಣಿಗೆ ನಿದ್ದೆ ಮಾತ್ರ ಇರಲಿಲ್ಲ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. "ಈ ಮೂರನ್ನು ಬಿಡಿಸು ಮಗನೇ, ನಿದ್ದೆ ತಾನಾಗಿ ಬರುತ್ತೆ" ಎಂದಿದ್ದಳು ತಾಯಿ. ತನ್ನ ಕೈಲಾಗದ್ದಕ್ಕೆ ಊರವರ ತಲೆ ತೆಗೆಯಲು ಹೊರಟ ಪುಣ್ಯಾತ್ಮ!

ಹೊಳೆಯಲ್ಲಿ ಹರಿಗೋಲು ಹಾಕುವ ಅಣ್ಣತಮ್ಮಂದಿರಿದ್ದರು, ದುರುಗ ಮತ್ತು ಸಣ್ಣೀರ. ದುರುಗನ ತೋಳೆಂದರೆ ತೋಳು. ನಡುಹೊಳೆಯ ಸುಳಿ ಬಂದರೆ ಹುಟ್ಟನ್ನು ಬಲವಾಗಿ ಊರಿ ಅದರ ಜೊತೆ ಗುದ್ದಾಡಿಯೇ ದಾಟುತ್ತಿದ್ದ. ಸಣ್ಣೀರ ಸುಳಿ ಬಂದರೆ ಹುಟ್ಟನ್ನು ಮೇಲಕ್ಕೆತ್ತಿ ಸುಮ್ಮನೆ ಕೂರುತ್ತಿದ್ದ. ಹರಿಗೋಲು ಎರಡು ಸುತ್ತು ತಿರುಗಿ ತಾನೇ ಅಂಚಿಗೆ ಬರುತ್ತಿತ್ತು, ಆಗ ಒಂದು ಹುಟ್ಟು ಹಾಕಿದರೆ ಮುಗಿಯಿತು. ಊರವರು ಅವನನ್ನು ಸೋಮಾರಿ ಎಂದು ಆಡಿಕೊಳ್ಳುತ್ತಿದ್ದರು. ಅವನೇನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ.

ಡಂಗುರ ಕೇಳಿದ ದಿನವೇ ದುರುಗ ಕೋಟೆಗೆ ಓಡಿದ. ಓಡಿದವನು ತಿರುಗಿ ಬರಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ಅತ್ತಿಗೆ ಮಾಳವ್ವ ದಡಕ್ಕೆ ಬಂದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ನಿಮ್ಮಣ್ಣನ ಪಾಲಿನ ರೊಟ್ಟಿ ಇವತ್ತೂ ಬಡಿದಿಟ್ಟೀನಿ ಸಣ್ಣೀರ. ಅದನ್ನ ಕಾಗೆಗೆ ಇಡಂಗೆ ಮಾಡಬ್ಯಾಡ."

"ನಾನು ಓದಿದವನಲ್ಲ ಅತ್ತಿಗೆ" ಎಂದ ಅವನು. ಆದರೆ ಆ ಹೊತ್ತಿಗಾಗಲೇ ಹರಿಗೋಲಿನ ಹಗ್ಗ ಬಿಚ್ಚುತ್ತಿದ್ದ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು, ಒಬ್ಬ ದಂಡನಾಯಕ, ಒಬ್ಬ ಪಂಡಿತ. ತಾನು ಅಂಬಿಗ ದುರುಗನ ತಮ್ಮ ಎಂದು ಹೇಳಿಕೊಂಡು ಸಣ್ಣೀರ ಅವರ ಹಿಂದೆ ನಿಂತ. ರಾಜಮಾತೆ ಮೊದಲನೆಯದನ್ನು ಕೇಳಿದಳು. "ಅದು ಬಂಡೆಯನ್ನೂ ಸವೆಸುತ್ತೆ, ಅದಕ್ಕೆ ಹಲ್ಲಿಲ್ಲ. ಹುಡುಕಿಕೊಂಡು ಹೋಗಿ ಎಲ್ಲಕ್ಕಿಂತ ತಗ್ಗಿನಲ್ಲೇ ಕೂರುತ್ತೆ. ರಾಜನಾದರೂ ಅದರ ಮುಂದೆ ಬಾಗಬೇಕು."

"ಕಾಲ!" ಎಂದ ದಂಡನಾಯಕ. ಆಳುಗಳು ಅವನ ರಟ್ಟೆ ಹಿಡಿದರು. ಪಂಡಿತ ಒಂದು ಶ್ಲೋಕ ಹೇಳಿ "ಧರ್ಮ" ಎಂದ. ಶ್ಲೋಕದ ಸಮೇತ ಅವನನ್ನೂ ಎಳೆದೊಯ್ದರು.

ಸಣ್ಣೀರನಿಗೆ ತನ್ನ ದಡ ನೆನಪಾಯಿತು, ಎದೆ ಸ್ವಲ್ಪ ಹಗುರಾಯಿತು. "ನೀರು, ತಾಯಿ. ನಮ್ಮ ಹೊಳೆಯಾಗಿನ ಬಂಡೆಗಳು ಸವೆದು ಬೆಣ್ಣೆಮುದ್ದೆ ಆಗ್ಯಾವೆ. ಬೊಗಸೆ ಒಡ್ಡಬೇಕಂದ್ರೆ ಯಾರಾದ್ರೂ ಬಗ್ಗಲೇಬೇಕು."

"ನಿಮ್ಮಣ್ಣ ಬಂಡೆ ಅನ್ನುತ್ತಲೇ 'ವಜ್ರ' ಅಂದುಬಿಟ್ಟ, ಪೂರ್ತಿ ಕೇಳಲಿಲ್ಲ" ಎಂದು ರಾಜಮಾತೆ ನಿಟ್ಟುಸಿರಿಟ್ಟಳು. "ಎರಡನೆಯದು. ನನ್ನ ಮಗ ಏಳು ಸುತ್ತಿನ ಕೋಟೆ, ದೊಡ್ಡ ಅರಮನೆ ಕಟ್ಟಿಸಿದ. ಆದರೆ ಅವನು ಬಾಳುತ್ತಿರೋದು ಯಾವ ಕಲ್ಲುಕುಟಿಗನೂ ಕಟ್ಟದೇ ಇರೋದರೊಳಗೆ. ಏನದು?"

"ಬಯಲು" ಎಂದ ಸಣ್ಣೀರ. "ಬಿದಿರು ಹೆಣೆದು ಚರ್ಮ ಹೊದಿಸಿ ಹರಿಗೋಲು ಮಾಡ್ತೀವಿ. ಜನ ಕೂರೋದು ಬಿದಿರಾಗಲ್ಲ, ನಡುವೆ ಖಾಲಿ ಬಿಟ್ಟ ಜಾಗದಾಗೆ. ಮನೆನೂ ಹಂಗೇ. ಆ ಖಾಲಿ ಜಾಗ ತುಂಬಿಸ್ತಾ ಹೋದಷ್ಟೂ ಮುಳುಗೋದು ಹತ್ರ."

ಚಿನ್ನದ ಸಾಮಾನುಗಳ ನಡುವೆ ಕಾಲು ಚಾಚಲೂ ಜಾಗವಿಲ್ಲದೆ ಕುಳಿತಿದ್ದ ರಾಯನ ಮುಖ ಕೆಂಪಾಯಿತು.

"ಮೂರನೆಯದು" ಎಂದಳು ತಾಯಿ, ಮಗನ ಕಡೆ ನೋಡದೆ. "ನೂರು ದಂಡು ಗೆದ್ದವನೂ ಗೆಲ್ಲಲಾರದ ಒಬ್ಬ ವೈರಿ. ಹೊಡೆದಷ್ಟೂ ಬೆಳೀತಾನೆ, ತಣ್ಣಗಿದ್ದರೆ ಕರಗ್ತಾನೆ. ಈ ಸಭೆಯಲ್ಲೇ ಇದ್ದಾನೆ. ತೋರಿಸು."

ಸಣ್ಣೀರ ತಲೆಯೆತ್ತಿದ. ಸಿಟ್ಟಿಗೆ ರಾಯನ ಕಣ್ಣು ಕೆಂಡವಾಗಿತ್ತು, ಕೈ ಕತ್ತಿಯ ಹಿಡಿಯ ಮೇಲಿತ್ತು. ಉತ್ತರ ಎದುರಿಗೇ ಕೂತಿದೆ! ಆದರೆ ಈಗ ಬೆರಳು ತೋರಿಸಿದರೆ ತನ್ನ ತಲೆಯೂ ಹೋಯಿತು, ಅಣ್ಣನ ತಲೆಯೂ ಹೋಯಿತು. ಕಿಟಕಿಯಲ್ಲಿ ಹೊತ್ತು ಇಳಿಯುತ್ತಿತ್ತು. ಇದೇ ಸುಳಿ ಎಂದುಕೊಂಡ ಅವನು, ಕೈಮುಗಿದು ನೆಲ ನೋಡುತ್ತಾ ಸುಮ್ಮನೆ ನಿಂತ.

"ಬೊಗಳೋ!" ಎಂದು ರಾಯ ಗುಡುಗಿದ. ಸಣ್ಣೀರ ಮಾತಾಡಲಿಲ್ಲ. ರಾಯ ಕತ್ತಿ ಹಿರಿದು ಇಳಿದು ಬಂದ, ಅವನ ಸುತ್ತ ಒಂದು ಸುತ್ತು ಹಾಕಿದ, ಕೂಗಿದ, ಇನ್ನೊಂದು ಸುತ್ತು ಹಾಕಿದ. ಕತ್ತಿಯ ಗಾಳಿ ಕುತ್ತಿಗೆಗೆ ತಾಗಿತು. ಬೆವರು ಹರಿಯುತ್ತಿದ್ದರೂ ಸಣ್ಣೀರ ಮಿಸುಕಲಿಲ್ಲ. ಎದುರು ವಾದಿಸುವವರೇ ಇಲ್ಲದ ಮೇಲೆ ಒಬ್ಬನೇ ಎಷ್ಟು ಹೊತ್ತು ಕೂಗುತ್ತಾನೆ? ರಾಯನ ದನಿ ಸೋತಿತು, ಕತ್ತಿ ಕೆಳಗಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತು ಮೆತ್ತಗೆ ಕೇಳಿದ, "ಯಾಕಪ್ಪಾ, ತೋರಿಸೋದಿಲ್ಲವಾ?"

"ಎಲ್ಲಿಂದ ತೋರಿಸಲಿ ಒಡೆಯಾ? ಈಗ ತಾನೇ ಎದ್ದು ಹೋದ. ಇಷ್ಟೊತ್ತೂ ನಿಮ್ಮ ಸಿಂಹಾಸನದ ಮೇಲೇ ಕೂತಿದ್ದ. ಓಡಿಸಿದೋರೂ ನೀವೇ."

ರಾಯ ತಾಯಿಯ ಮುಖ ನೋಡಿದ. ಅವಳು ಕಣ್ಣೊರೆಸಿಕೊಳ್ಳುತ್ತಾ ತಲೆಯಾಡಿಸಿದಳು. ಆಗ ರಾಯನಿಗೆ ಒಂದು ಆಕಳಿಕೆ ಬಂತು. ಎಷ್ಟೋ ವರ್ಷಗಳ ಮೇಲೆ ಬಂದ, ಬಾಯಿ ತುಂಬ ಬಂದ ಆಕಳಿಕೆ.

"ಅರ್ಧ ರಾಜ್ಯ ತಗೋ" ಎಂದ ರಾಯ, ಕಣ್ಣುಜ್ಜಿಕೊಳ್ಳುತ್ತಾ.

"ನನ್ನ ಹರಿಗೋಲಾಗೆ ಹಿಡಿಸಲ್ಲ ಒಡೆಯಾ. ಸೆರೆಯಾಗಿರೋರನ್ನೆಲ್ಲಾ ಬಿಡಿ, ನಮ್ಮಣ್ಣನೂ ಅಲ್ಲೇ ಅವ್ನೆ. ಹಂಗೇ ಒಂದು ಎಮ್ಮೆ ಚರ್ಮ ಕೊಡಿಸಿ, ಹರಿಗೋಲು ತೂತಾಗೈತೆ."

ಹೊತ್ತು ಮುಳುಗುವ ಮುಂಚೆ ಸೆರೆಮನೆಯ ಬಾಗಿಲು ತೆರೆಯಿತು. ದುರುಗ ತಮ್ಮನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ನಡುಹೊಳೆಗೆ ಬಂದಾಗ ಸುಳಿ ಹಿಡಿಯಿತು. ದುರುಗ ಅಭ್ಯಾಸಬಲದಿಂದ ಹುಟ್ಟನ್ನು ಊರಹೋದವನು ತಮ್ಮನ ಮುಖ ನೋಡಿ, ನಕ್ಕು, ಮೇಲಕ್ಕೆತ್ತಿದ. ಹರಿಗೋಲು ಎರಡು ಸುತ್ತು ತಿರುಗಿ ಅಂಚಿಗೆ ಬಂತು.

ದಡದಲ್ಲಿ ಮಾಳವ್ವ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಆರಿ ಗಟ್ಟಿಯಾಗಿದ್ದ ರೊಟ್ಟಿಯನ್ನು ಮೂವರೂ ಮುರಿದು ಹಂಚಿಕೊಂಡರು. ಅವರು ಉಂಡು ಮಲಗಿದರು, ಅಲ್ಲಿ ರಾಯ ಉಣ್ಣುವುದನ್ನೂ ಮರೆತು ಮಲಗಿದ. ಕತೆ ಹೇಳುತ್ತಾ ಇನ್ನೂ ಎದ್ದಿರುವವರು ನಾವೇ.