ಪ್ರೊಫೆಸರ್ ಮನೆ ಸಂಡಿಗೆ

ಹೆಂಗಸರ ಜೈಲಿನ ಕಾವಲುಗಾರ್ತಿ ಚಂದ್ರಮಣಿಗೆ ಅಪರಾಧಶಾಸ್ತ್ರದಲ್ಲಿ ಪಿಎಚ್.ಡಿ. ಮಾಡೋ ಹುಚ್ಚು. ಓದೋಕೆ ಇಲಾಖೆ ರಜೆ ಕೊಟ್ಟಿದ್ದು ಈ ವರ್ಷ ಮಾತ್ರ. ಗೈಡ್ ಆಗಬೇಕಿದ್ದ ಪ್ರೊಫೆಸರ್ ಶಾಂತಮಲ್ಲಪ್ಪನೋ, ಮಹಾ ಜಂಬದ ಮನುಷ್ಯ. "ಸೀಟು ಬೇಕಾದರೆ ಮೊದಲು ಗುರುಸೇವೆ ಕಣಮ್ಮ" ಅಂದ. ಪಾಪ, ಇವಳು ವಾರವೆಲ್ಲ ಅವನ ಮಹಡಿ ಮೇಲೆ ಸಂಡಿಗೆ ಇಟ್ಟು ಕಾಗೆ ಓಡಿಸಿದಳು. ಅಷ್ಟಾದ ಮೇಲೆ, "ಹಪ್ಪಳ ಇನ್ನೂ ಬಾಕಿ ಇದೆ, ಸೀಟು ಮುಂದಿನ ವರ್ಷ ನೋಡೋಣ" ಅಂದುಬಿಟ್ಟ!

ಆದರೂ ಚಂದ್ರಮಣಿ ಪಿಎಚ್.ಡಿ. ಸೀಟಿನ ಸಂದರ್ಶನಕ್ಕೆ ಹೋದಳು. ಪ್ರೊಫೆಸರ್ ಪಕ್ಕದಲ್ಲೇ ಕೂತಿದ್ದ ಹಿರಿಯ ಮೇಡಂ ಒಬ್ಬರು ಕೇಳಿದರು, "ಸಂಶೋಧನೆ ಯಾವುದರ ಮೇಲಮ್ಮ?"

"ಓದಿದವರು ಮನೇಲಿ ಮಾಡಿಸಿಕೊಳ್ಳೋ ಬಿಟ್ಟಿ ಚಾಕರಿ ಮೇಲೆ, ಮೇಡಂ."

"ಭೇಷ್! ಯಾವಾಗ ಶುರು ಮಾಡ್ತೀಯ?"

"ಆಗಲೇ ಒಂದು ಮನೇಲಿ ಸಂಡಿಗೆ ಇಟ್ಟು ಬಂದಿದೀನಿ. ಯಜಮಾನರ ಹೆಸರು ಈಗಲೇ ಹೇಳಲಾ, ಇಲ್ಲ ಪ್ರಬಂಧದಲ್ಲಿ ಬರೀಲಾ?"

ನೀರು ಕುಡೀತಿದ್ದ ಪ್ರೊಫೆಸರ್ ಅಂಗಿ ಮೇಲೆಲ್ಲ ಸುರಿದುಕೊಂಡ. "ಹೆಸರೆಲ್ಲ ಯಾಕೆ ತಾಯಿ! ಸೀಟು ಕೊಟ್ಟಾಯ್ತು! ವಿಷಯ ಮಾತ್ರ ಬೇರೆ ತಗೋ!"

"ಗುರುಗಳು ಹೇಳಿದ ಹಾಗೆ" ಅಂದಳು ಕಳ್ಳಿ, ತಲೆ ಬಗ್ಗಿಸಿಕೊಂಡು.

ಆ ವರ್ಷದ ಹಪ್ಪಳ ಪ್ರೊಫೆಸರೇ ಪಂಚೆ ಎತ್ತಿಕಟ್ಟಿ ಒಣಹಾಕಿದ. ಕೈಯಲ್ಲಿ ಕೋಲು, ತಲೆ ಮೇಲೆ ಕಾಗೆ. ಬೀದಿ ಹೆಂಗಸರೆಲ್ಲ ಬಟ್ಟೆ ಹರವೋ ನೆಪದಲ್ಲಿ ಮಹಡಿ ಹತ್ತಿ ನೋಡಿದ್ದೇ ನೋಡಿದ್ದು.