ರಿಮೋಟು ಹಿಡಿದ ಶಿಕ್ಷಕಿ

“ಗುರುಗಳೇ, ಹೇಳಬೇಕಾದ್ದನ್ನು ನೆಟ್ಟಗೆ ಹೇಳಲು ಬಾರದವರ ಮುಂದೆ ನಾನು ಎಷ್ಟು ಹೊತ್ತು ಕೂತಿರಬೇಕು?” ಎಂದು ಶಿಷ್ಯ ಗುರುಶಾಂತ ಕೇಳಿದ. ಮಠಕ್ಕೆ ಕಷ್ಟ ತೋಡಿಕೊಳ್ಳಲು ಬಂದವರ ಮಾತು ಕೇಳುವುದು ಅವನ ಪಾಲಿನ ಕೆಲಸ. ಅವನ ದನಿಯಲ್ಲಿ ಸಿಟ್ಟಿತ್ತು.

ಗುರುಗಳು ಹೇಳಿದರು:

ಒಬ್ಬ ಶಿಕ್ಷಕಿ ಇದ್ದಳು. ಲಕ್ವ ಹೊಡೆದು ಅವಳ ಮಾತು ನಿಂತುಹೋಯಿತು. ಎಡಗೈ ಮಾತ್ರ ಆಡುತ್ತಿತ್ತು. ಸೊಸೆ ಒಬ್ಬ ತಂತ್ರಜ್ಞನನ್ನು ಕರೆಸಿದಳು. ಅವನು ಟೀವಿ ರಿಮೋಟಿನ ಸಂಕೇತ ಹಿಡಿಯುವ ಸಣ್ಣ ರಿಸೀವರ್ ಒಂದನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿದ. ರಿಮೋಟಿನ ಒಂದೊಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಒಂದೊಂದು ಮಾತು ಆಡಬೇಕು: ನೀರು ಬೇಕು, ಚಳಿಯಾಗುತ್ತಿದೆ, ನೋವಾಗುತ್ತಿದೆ.

ಶಿಕ್ಷಕಿ ಒತ್ತಿದಳು. ಕಂಪ್ಯೂಟರ್ ಸುಮ್ಮನಿತ್ತು. ಮತ್ತೆ ಮತ್ತೆ ಒತ್ತಿದಳು. ಮಾತು ಬರಲಿಲ್ಲ.

“ಇವರಿಗೆ ಒತ್ತಲು ಬರುತ್ತಿಲ್ಲ. ತಲೆಗೂ ಪೆಟ್ಟಾಗಿರಬೇಕು. ಇದೆಲ್ಲ ಇವರಿಂದ ಆಗದ ಕೆಲಸ,” ಎಂದು ತಂತ್ರಜ್ಞ ಸೊಸೆಗೆ ಹೇಳಿದ.

ಶಿಕ್ಷಕಿಗೆ ಎಲ್ಲವೂ ಕೇಳಿಸುತ್ತಿತ್ತು. ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದವಳ ಎದುರಿಗೇ, ಅವಳು ಅಲ್ಲಿ ಇಲ್ಲವೇನೋ ಎಂಬಂತೆ ಅವನು ಮಾತಾಡುತ್ತಿದ್ದ. ಅವಳ ಮೈಯೆಲ್ಲ ಉರಿದುಹೋಯಿತು. ರಿಮೋಟನ್ನು ಎತ್ತಿ ಅವನ ಎದೆಗೆ ಎಸೆದಳು.

ಸೊಸೆ ಅದನ್ನು ಹೆಕ್ಕಿ ಅತ್ತೆಯ ಕೈಗೇ ಮರಳಿ ಕೊಟ್ಟಳು. “ನಮ್ಮತ್ತೆಗೆ ಎಲ್ಲ ಗೊತ್ತಾಗುತ್ತದೆ. ನೀವು ಮಾಡಿದ್ದು ಸರಿಯಿದೆಯೇ, ಅದನ್ನು ನೋಡಿ,” ಎಂದಳು.

ಅವನು ಗೊಣಗುತ್ತ ಕೂತು ಕಂಪ್ಯೂಟರಿನೊಳಗಿನ ಏರ್ಪಾಡು ತೆರೆದ. ರಿಸೀವರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಇತ್ತು. ಆದರೆ ಎಲ್ಲ ರಿಮೋಟುಗಳ ಸಂಕೇತವೂ ಒಂದೇ ಅಲ್ಲ. ಅವನು ಡ್ರೈವರಿಗೆ ಬೇರೆ ಯಾವುದೋ ರಿಮೋಟಿನ ಸಂಕೇತ ಗೊತ್ತುಮಾಡಿ, ಇವಳದನ್ನು ಬಿಟ್ಟಿದ್ದ. ಅವಳು ಒತ್ತಿದ್ದೆಲ್ಲ ಒಳಗೆ ಬಂದು ತಲುಪಿತ್ತು. ಅದನ್ನು ಅರ್ಥಮಾಡಿಕೊಳ್ಳುವ ವ್ಯವಸ್ಥೆಯನ್ನು ಅವನೇ ಮಾಡಿರಲಿಲ್ಲ.

ಅದನ್ನು ಸರಿಪಡಿಸಿದ. ಶಿಕ್ಷಕಿ ಒಂದು ಗುಂಡಿ ಒತ್ತಿದಳು.

“ನೋವಾಗುತ್ತಿದೆ,” ಎಂದಿತು ಕಂಪ್ಯೂಟರ್.

“ಎಲ್ಲಿ ಅತ್ತೆ?” ಎಂದು ಸೊಸೆ ಗಾಬರಿಯಿಂದ ಬಗ್ಗಿದಳು.

ಶಿಕ್ಷಕಿ ತಂತ್ರಜ್ಞನ ಕಡೆ ಬೆರಳು ತೋರಿಸಿದಳು.

ಕತೆ ಮುಗಿಯಿತು. ಗುರುಶಾಂತನ ಮುಖ ಕೆಂಪೇರಿತ್ತು. “ಎಂಥ ದುರಹಂಕಾರಿ ಅವನು,” ಎಂದ. “ಆಮೇಲೆ ಆ ತಾಯಿಯ ಕ್ಷಮೆಯನ್ನಾದರೂ ಕೇಳಿದನೇ?”

“ಕೇಳಿದ,” ಎಂದರು ಗುರುಗಳು. “ಬೆಳಿಗ್ಗೆ ನೀನು ಗದರಿಸಿ ಕಳಿಸಿದ ತೊದಲು ಮಾತಿನ ಮುದುಕ ಇನ್ನೂ ಬಸ್ಸಿಗೆ ಕಾಯುತ್ತ ಕೂತಿದ್ದಾನೆ.”